ಎಂಜಿನ್ನಿಗೊಂದು ಅಕ್ಕಿಹಿಟ್ಟಿನ ಉಂಡೆ

ಬೆಳಗಿನ ಆರು ಗಂಟೆ. ಚಾಮರಾಜಪೇಟೆಯ ಓಣಿಯೊಂದರಲ್ಲಿ ಸರ್ವಮಂಗಳಾ ಅಕ್ಕಿರೊಟ್ಟಿಗೆ ಹಿಟ್ಟು ನಾದುತ್ತಿದ್ದಾರೆ. ಈರುಳ್ಳಿ, ಮೆಣಸಿನಕಾಯಿ ಸೇರಿಸುವ ಮೊದಲು ನಿಂಬೆಹಣ್ಣಿನಷ್ಟು ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ. ಅದು ಗಂಡನಿಗೆ, ಆದರೆ ತಿನ್ನುವುದಕ್ಕಲ್ಲ. ಅಡುಗೆಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಮುನಿರಾಜು ಜಿಪ್ಸಿ ಗಾಡಿಯೊಂದರ ಎಂಜಿನ್ ಬಿಚ್ಚಿಟ್ಟುಕೊಂಡು ಕೂತಿದ್ದಾರೆ. ಬಂದ ಹಿಟ್ಟನ್ನು ಪಿಸ್ಟನ್ನಿನ ನೆತ್ತಿಯ ಮೇಲೆ, ರೊಟ್ಟಿ ತಟ್ಟುವಷ್ಟೇ ನಿಧಾನವಾಗಿ ತಟ್ಟುತ್ತಾರೆ.

"ಇವ್ರಿಗೆ ಎರಡು ರೊಟ್ಟಿ, ಇಂಜಿನ್‌ಗೆ ಒಂದು. ಅದಕ್ಕೆ ಖಾರ ಆಗಲ್ಲ," ಸರ್ವಮಂಗಳಾ ಒಳಗಿಂದಲೇ ನಗುತ್ತಾರೆ.

ಎಂಜಿನ್ನಿಗೆ ಗಾಳಿ ಬರಲು, ಹೊಗೆ ಹೋಗಲು ಬಾಗಿಲುಗಳಿವೆ. ಅವೇ ವಾಲ್ವುಗಳು. ಕ್ಯಾಮ್ ಎಂಬ ಉಬ್ಬುಗಳಿರುವ ದಂಡ ತಿರುಗುತ್ತ ಅವನ್ನು ತೆರೆಯುತ್ತದೆ, ಸ್ಪ್ರಿಂಗು ಮುಚ್ಚುತ್ತದೆ. ಕಾರ್ ರ‍್ಯಾಲಿಗೆ ಹೋಗುವವರಿಗೆ ಬಾಗಿಲು ಇನ್ನಷ್ಟು ಅಗಲ ತೆರೆಯಬೇಕು, ಇನ್ನಷ್ಟು ಹೊತ್ತು ತೆರೆದಿರಬೇಕು. ಅದಕ್ಕೆ ಉಬ್ಬು ಎತ್ತರವಿರುವ ಕ್ಯಾಮ್ ತರಿಸುತ್ತಾರೆ. ದುಡ್ಡಿದ್ದರೆ ಅದು ಯಾರಿಗಾದರೂ ಸಿಗುತ್ತದೆ. ಅದರ ಜೊತೆ ಬಾಳುವ ಸ್ಪ್ರಿಂಗು, ಸ್ಪ್ರಿಂಗಿನ ತಲೆಯ ಮೇಲಿನ ಟೋಪಿ, ಕ್ಯಾಮಿನ ಒತ್ತನ್ನು ವಾಲ್ವಿಗೆ ದಾಟಿಸುವ ರಾಕರ್ ಇವನ್ನೆಲ್ಲ ಆರಿಸಿಕೊಡುವವರು ಮುನಿರಾಜು. ಗಾಡಿಯ ಮೈತುಂಬ ಆಯಿಲ್, ಟೈರು ಕಂಪನಿಗಳ ಹೆಸರು ಅಂಟಿಸಿರುತ್ತಾರೆ. ಇವರ ಹೆಸರು ಎಲ್ಲೂ ಇರುವುದಿಲ್ಲ.

ಅವರ ತಾಯಿ ಸಪ್ಪಲಮ್ಮ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುತ್ತಿದ್ದರು. ಬೀನ್ಸು, ಮೂಲಂಗಿ ತೂಗುತ್ತಿದ್ದ ಅವರ ಮುಳ್ಳಿನ ತೂಕದ ಯಂತ್ರ ಈಗ ಇಲ್ಲಿ ಸ್ಪ್ರಿಂಗು ತೂಗುತ್ತಿದೆ. ಸ್ಪ್ರಿಂಗನ್ನು ಅದರ ಮೇಲಿಟ್ಟು, ಡ್ರಿಲ್ಲಿಂಗ್ ಮಿಷನ್ನಿನ ಹಿಡಿಯಿಂದ ಗೊತ್ತುಮಾಡಿದ ಎತ್ತರಕ್ಕೆ ಅದುಮಿದರೆ, ಅದು ಎಷ್ಟು ಕಿಲೋ ಬಲದಿಂದ ಎದುರು ನಿಲ್ಲುತ್ತದೆ ಎಂದು ಮುಳ್ಳು ಹೇಳುತ್ತದೆ. ಜೆ.ಸಿ. ರಸ್ತೆಯ ಅಂಗಡಿಗಳಿಂದ ಇಪ್ಪತ್ನಾಲ್ಕು ಸ್ಪ್ರಿಂಗು ತಂದರೆ ಒಂದು ಎಂಜಿನ್ನಿಗಾಗುವ, ಒಂದೇ ಬಲದ ಎಂಟನ್ನು ಇಟ್ಟುಕೊಳ್ಳುತ್ತಾರೆ, ಹದಿನಾರು ವಾಪಸ್. ಹೀಗೆ ತಿಂಗಳಿಗೆ ಎರಡು ಎಂಜಿನ್, ಹೆಚ್ಚೆಂದರೆ ಮೂರು.

"ಗಟ್ಟಿ ಸ್ಪ್ರಿಂಗ್ ಹಾಕ್ಬಿಡಿ ಅಂತಾರೆ ಎಲ್ರೂ. ಗಟ್ಟಿ ಜಾಸ್ತಿ ಆದ್ರೆ ಕ್ಯಾಮನ್ನೇ ತಿಂದ್ಹಾಕುತ್ತೆ. ಮೆತ್ತಗಾದ್ರೆ ವಾಲ್ವ್ ಮುಚ್ಚೋಷ್ಟರಲ್ಲಿ ಪಿಸ್ಟನ್ ಬಂದು ಗುದ್ದುತ್ತೆ. ಎಂಟೂ ಒಂದೇ ಮಾತಾಡ್ಬೇಕು ಸಾರ್, ಅಷ್ಟೇ," ಎಂದು ಮುನಿರಾಜು ನನಗೆ ಹೇಳುತ್ತಾರೆ.

ಆ ಗುದ್ದು ತಪ್ಪಿಸುವುದೇ ಹಿಟ್ಟಿನ ಕೆಲಸ. ಹೊಸ ಕ್ಯಾಮ್ ಜೋಡಿಸಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸುತ್ತಾರೆ. ಕೆಳಗಿಳಿದ ವಾಲ್ವು ಹಿಟ್ಟಿನಲ್ಲಿ ಗುರುತು ಒತ್ತುತ್ತದೆ. ಮತ್ತೆ ಬಿಚ್ಚಿ, ಹಿಟ್ಟನ್ನು ಬ್ಲೇಡಿನಿಂದ ಕೊಯ್ದು, ಎಲ್ಲಕ್ಕಿಂತ ತೆಳುವಾದ ಕಡೆ ಅಳೆಯುತ್ತಾರೆ. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಉಳಿದ ಜಾಗ ಅಷ್ಟೇ.

ಶೆಡ್ಡಿನ ಗೋಡೆಯ ಮೊಳೆಗೆ ಒಂದು ಹಗ್ಗ ನೇತುಹಾಕಿದೆ. ತೊಂಬತ್ತೇಳರಲ್ಲಿ ಬಸವನಗುಡಿಯ ವಾದಿರಾಜ ಎಂಬವರ ಕಾರಿಗೆ ಮುನಿರಾಜು ಹೀಗೇ ಅಳೆದಿದ್ದರು, ಆದರೆ ಚಪಾತಿ ಹಿಟ್ಟಿನಲ್ಲಿ. ಗೋಧಿ ಹಿಟ್ಟು ಒತ್ತಿದರೆ ಮೆಲ್ಲಗೆ ವಾಪಸ್ ಉಬ್ಬುತ್ತದೆ. ಇಲ್ಲದ ಜಾಗವನ್ನು ಇದೆ ಎಂದಿತು. ರ‍್ಯಾಲಿಯಲ್ಲಿ ಮುಂದಿದ್ದ ಕಾರು ಕೊನೆಯ ಹಂತದಲ್ಲಿ ಪಿಸ್ಟನ್ ವಾಲ್ವಿಗೆ ಗುದ್ದಿ, ಎಂಜಿನ್ ಒಡೆದು ನಿಂತಿತು. ಅದನ್ನು ಈ ಹಗ್ಗ ಕಟ್ಟಿ ಇದೇ ಓಣಿಗೆ ಎಳೆದು ತಂದರು. "ವಾದಿರಾಜರು ಒಂದ್ ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಆಮೇಲೆ ಅವ್ರು ರ‍್ಯಾಲಿಗೇ ಹೋಗ್ಲಿಲ್ಲ." ಆ ವಾರವೇ ಮುನಿರಾಜು ಅಕ್ಕಿಹಿಟ್ಟಿಗೆ ಬದಲಾದರು. "ಅದು ಒತ್ತಿದಂಗೇ ಇರುತ್ತೆ."

ಇವತ್ತಿನ ಜಿಪ್ಸಿ ವೈಯಾಲಿಕಾವಲ್‌ನ ಚೈತನ್ಯಾ ಅವರದು. ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ, ಸೋದರಮಾವನ ಹಳೇ ಗಾಡಿ, ಭಾನುವಾರ ಜೀವನದ ಮೊದಲ ರ‍್ಯಾಲಿ. ಇವತ್ತು ಗುರುವಾರ. ಮುನಿರಾಜು ಹಿಟ್ಟನ್ನು ಅಳೆಯುವಾಗ ಚೈತನ್ಯಾ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಎರಡೂವರೆ ಮಿಲಿಮೀಟರ್ ಜಾಗ ಬೇಕು. ಇರುವುದು ಒಂದೂವರೆ.

"ಒಂದೂವರೆ ಇದೆಯಲ್ಲಾ ಅಣ್ಣ. ತಾಗ್ತಿಲ್ವಲ್ಲ?"

"ಕೈಯಲ್ಲಿ ತಿರುಗಿಸಿದ್ರೆ ತಾಗಲ್ಲ ಮೇಡಂ. ನೀವು ಕೈಯಲ್ಲಿ ತಿರುಗಿಸ್ಕೊಂಡು ರ‍್ಯಾಲಿ ಮುಗಿಸ್ತೀರಾ?"

ಚೈತನ್ಯಾ ನಗುವುದಿಲ್ಲ. "ವಾಲ್ವಿಗೆ ಜಾಗ ಆಗೋ ಹಾಗೆ ಪಿಸ್ಟನ್ ಕೊರೆದ್ರೆ?"

"ಕೊರೀಬಹುದು. ನಾಲ್ಕೂ ಒಂದೇ ಸಮ ಕೊರೆಯೋಕೆ ಮೂರು ದಿನ ಬೇಕು, ಜೋಡ್ಸೋದು ಬೇರೆ. ಭಾನುವಾರಕ್ಕಾಗಲ್ಲ. ಈಗ ಹಳೇ ಕ್ಯಾಮೇ ಹಾಕಿ, ಅದರ ಸ್ಪ್ರಿಂಗ್ ತೂಗಿ ಸಮ ಮಾಡ್ಕೊಡ್ತೀನಿ."

"ಹಳೇದ್ರಲ್ಲಿ ನಾನು ಕೊನೇಗ್ ಬರ್ತೀನಿ. ನೀವಾಗಲ್ಲ ಅಂದ್ರೆ ಬೇರೆ ಯಾರಾದ್ರೂ ಹಾಕ್ಕೊಡ್ತಾರೆ ಬಿಡಿ."

"ಹಾಕ್ಕೊಡ್ತಾರೆ," ಎನ್ನುತ್ತಾರೆ ಮುನಿರಾಜು. ಆಮೇಲೆ ಗೋಡೆಯ ಹಗ್ಗ ತೋರಿಸಿ ವಾದಿರಾಜರ ಕಥೆ ಹೇಳುತ್ತಾರೆ. ತಮ್ಮ ತಪ್ಪನ್ನು ಎಲ್ಲೂ ತೆಳು ಮಾಡದೆ ಹೇಳುತ್ತಾರೆ. ಚೈತನ್ಯಾ ಆ ಹಿಟ್ಟಿನ ಚೂರನ್ನು ಬೆರಳಲ್ಲಿ ಮುಟ್ಟಿ ನೋಡಿ, ಹೊಸ ಕ್ಯಾಮನ್ನು ಅದರ ಡಬ್ಬಿಯೊಳಗೆ ಇಟ್ಟು ಮುಚ್ಚುತ್ತಾರೆ. ಡಬ್ಬಿ ಎತ್ತಿಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು ಹೊರಡುತ್ತಾರೆ.

ಅವತ್ತು ರೊಟ್ಟಿ ಆರಿ ಹೋಗುತ್ತದೆ. "ಗಾಡಿ ತಗೊಂಡ್ ಹೋದ್ಮೇಲೆ ಆ ಹುಡುಗಿ ಮತ್ತೆ ಬರಲ್ಲ ಬಿಡು," ಎಂದು ಮುನಿರಾಜು ಹೆಂಡತಿಗೆ ಹೇಳುತ್ತಾರೆ. ಹೇಳುತ್ತಲೇ ಹಳೇ ಸ್ಪ್ರಿಂಗುಗಳನ್ನು ಒಂದೊಂದಾಗಿ ತಾಯಿಯ ತೂಕದ ಯಂತ್ರದ ಮೇಲಿಡುತ್ತಾರೆ. ಶುಕ್ರವಾರ ಚೈತನ್ಯಾ ಬಂದು, ಹಳೇ ಕ್ಯಾಮೇ ಕೂರಿಸಿದ ಗಾಡಿ ತೆಗೆದುಕೊಂಡು ಹೋಗುತ್ತಾರೆ.

ಸೋಮವಾರ ಬೆಳಿಗ್ಗೆ ಓಣಿಯ ತಿರುವಿನಲ್ಲಿ ಜಿಪ್ಸಿಯ ಸದ್ದು. ಮುನಿರಾಜು ಏಳುವುದಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ತಲೆ ಒಂದು ಕಡೆ ವಾಲಿಸಿ ಕೇಳುತ್ತಾರೆ. ಗಾಡಿ ಶೆಡ್ಡಿನ ಮುಂದೆ ನಿಲ್ಲುವವರೆಗೂ ಹಾಗೇ ಕೂತಿರುತ್ತಾರೆ.

"ಹದಿನಾಲ್ಕನೇದು ಅಣ್ಣ," ಬಾನೆಟ್ಟಿನವರೆಗೂ ಕೆಸರಾದ ಗಾಡಿಯಿಂದ ಚೈತನ್ಯಾ ಇಳಿಯುತ್ತಾರೆ. "ಇಪ್ಪತ್ಮೂರರಲ್ಲಿ. ಒಂಬತ್ತು ಗಾಡಿ ಮುಗಿಸ್ಲೇ ಇಲ್ಲ."

"ಹಂಗಾದ್ರೆ ಕೊನೇದೇ ಅಲ್ವಾ ಮೇಡಂ?"

"ಹೂಂ, ಕೊನೇದೇ." ಈ ಸಲ ಇಬ್ಬರೂ ನಗುತ್ತಾರೆ. ಚೈತನ್ಯಾ ಕ್ಯಾಮಿನ ಡಬ್ಬಿಯನ್ನು ಬೆಂಚಿನ ಮೇಲಿಡುತ್ತಾರೆ. "ಮುಂದಿನ ರ‍್ಯಾಲಿಗೆ ಎರಡು ತಿಂಗಳಿದೆ. ನಿಧಾನಕ್ಕೆ ಕೊರೀರಿ."

ಗಾಡಿಯ ಮೇಲೆ ನಿಮ್ಮ ಹೆಸರೂ ಇರಲಿ ಎಂದು ಅನಿಸುವುದಿಲ್ಲವೇ ಎಂದು ನಾನು ಕೇಳಿದರೆ ಮುನಿರಾಜು ಕೈ ಒರೆಸಿಕೊಳ್ಳುತ್ತಾರೆ.

"ಹೆಸರು ಕೆಸರಲ್ಲಿ ಮುಚ್ಹೋಗುತ್ತೆ ಸಾರ್. ಗಾಡಿ ತಾನೇ ನಡ್ಕೊಂಡು ವಾಪಸ್ ಬರ್ಬೇಕು, ಅಷ್ಟ್ ಸಾಕು." ಗೋಡೆಯ ಕಡೆ ಒಮ್ಮೆ ನೋಡುತ್ತಾರೆ. "ಇಪ್ಪತ್ತೈದು ವರ್ಷದ ಮೇಲಾಯ್ತು. ಆ ಹಗ್ಗಕ್ಕೆ ಒಂದಿನಾನೂ ಕೆಲಸ ಕೊಟ್ಟಿಲ್ಲ."