ತೊಳೆಯದೆ ಬಿಟ್ಟ ಕೊಳವೆಗಳು

ಸಂಗೊಳ್ಳಿಯ ಮಹಾನಂದಾ ಹನ್ನೊಂದು ವರ್ಷದಿಂದ ಬೈಲಹೊಂಗಲ ಹಾಯ್ದು ಬೆಳಗಾವಿಗೆ ಹೋಗಿಬರುವವಳು. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಕೆಲಸ. ಕೈ ಬಲು ಚೊಕ್ಕ ಎಂದು ಹೆಸರಾಗಿದ್ದಳು.

ಕೀಲುನೋವಿನವರ ರಕ್ತದ ಮೇಲೆ ಅಲ್ಲೊಂದು ಅಧ್ಯಯನ ನಡೆದಿತ್ತು. ಜೀವಕೋಶಗಳು ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ಹೊರಗೆ ಬಿಡುತ್ತವೆ. ಸೈಟೊಕೈನ್ ಎಂಬ ಪ್ರೋಟೀನುಗಳ ಮೂಲಕವೂ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಇವು ಬಿಡಿಬಿಡಿಯಾಗಿ ಬಂದಾಗ, ಕೂಡಿ ಬಂದಾಗ, ರೋಗದೊಡನೆ ಕಾದಾಡುವ ಕೋಶಗಳಲ್ಲಿ ಯಾವ ಜೀನ್‌ಗಳು ಎಚ್ಚರಾಗುತ್ತವೆ ಎಂಬುದು ಪ್ರಶ್ನೆ. ರಕ್ತದಿಂದ ಚೀಲಗಳನ್ನು ಬೇರ್ಪಡಿಸಿ, ಅಂಟಿಕೊಂಡ ಸೈಟೊಕೈನ್ ಹೋಗುವಂತೆ ಎರಡು ಸಲ ತೊಳೆಯುವುದು ಮಹಾನಂದಾಳ ಪಾಲಿನ ಕೆಲಸ.

ಒಂದು ಶುಕ್ರವಾರ ಐದು ಮಂದಿ ರೋಗಿಗಳ ಕೊಳವೆಗಳಲ್ಲಿನ ಚೀಲಗಳನ್ನು ಎರಡನೆಯ ಸಲ ತೊಳೆಯುವುದು ಉಳಿದಿತ್ತು. ಐದೂಕಾಲಿನ ಬಸ್ಸು ತಪ್ಪಿದರೆ ಮುಂದಿನ ತುಂಬಿದ ಬಸ್ಸಿನಲ್ಲಿ ಊರ ತನಕ ನಿಂತೇ ಹೋಗಬೇಕು. ತೊಳೆಯದೆ ಹೊರಟಳು. ದಾಖಲೆ ಪುಸ್ತಕದಲ್ಲಿ ಮಾತ್ರ "ಎರಡು ಸಲ" ಎಂದು ಬರೆದಳು.

ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಬರೀ ಚೀಲಗಳೇ ನೂರಾರು ಜೀನ್‌ಗಳನ್ನು ಎಬ್ಬಿಸಿದ್ದವು! ಮುಖ್ಯಸ್ಥೆ ಭಾವನಾ ಎಲ್ಲರಿಗೂ ಕುಂದಾ ಸಿಹಿ ತರಿಸಿ ಹಂಚಿ, "ಇದೆಲ್ಲಾ ಮಹಾನಂದಾನ ಕೈಗುಣಾ ನೋಡ್ರಿ" ಎಂದರು. ಮಹಾನಂದಾ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು.

ಹದಿನೇಳು ದಿನ ಸುಮ್ಮನಿದ್ದಳು. ಪ್ರಬಂಧದ ಕರಡಿನಲ್ಲಿ ತನ್ನ ಹೆಸರು ಕಂಡ ದಿನ ತಾಳಲಾರದೆ ಭಾವನಾ ಅವರ ಮುಂದೆ ಹೋಗಿ ನಿಂತಳು.

"ಎರಡನೇ ಸಲ ತೊಳದಿಲ್ರಿ ಮೇಡಂ. ಬಸ್ ತಪ್ಪತೈತಂತ ಹೋದ್ನಿ. ಸುಳ್ಳ ಬರದೇನಿ."

ಭಾವನಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಐದೂ ಮಂದಿ ರಕ್ತ ಮತ್ತ ಬೇಕು. ನೀವೇ ಹೋಗಿ ಕೇಳ್ರಿ," ಎಂದಷ್ಟೇ ಹೇಳಿದರು.

ನಾಲ್ವರು ಮರುಮಾತಿಲ್ಲದೆ ಕೊಟ್ಟರು. ಕೊನೆಯವಳು ಚಚಡಿಯ ಇಂದ್ರವ್ವ. ಬೆರಳು ಸೊಟ್ಟಾದ, ನರ ಸುಲಭಕ್ಕೆ ಸಿಗದ ಮುದುಕಿ.

"ಆವತ್ತ ಕೊಟ್ಟಿದ್ದ ಏನಾತವಾ?"

ಯಂತ್ರ ಕೆಟ್ಟಿತ್ತು ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ನಾನ ಕೆಡಿಸಿದ್ನಿ ಯವ್ವಾ. ಮನಿಗೆ ಹೋಗೂ ಅವಸರದಾಗ."

"ಮೂರ ದಿನಾ ಕೈ ಬಾತಿತ್ತು ನಂದು," ಎಂದಳು ಇಂದ್ರವ್ವ. ಸೆರಗು ಸರಿಸಿ, "ಈ ಸಲ ಎಡಗೈ ತೊಗೊ," ಎಂದು ಚಾಚಿದಳು.

ಸೂಜಿ ಹಾಕುವಾಗ ಮಹಾನಂದಾ ತಲೆ ಎತ್ತಲಿಲ್ಲ.

ಎರಡೂ ಸಲ ತೊಳೆದ ಮೇಲೆ ಬರೀ ಚೀಲಗಳಿಂದ ಜೀನ್‌ಗಳು ಹೆಚ್ಚುಕಡಿಮೆ ಅಲುಗಲೇ ಇಲ್ಲ. ಬರೀ ಸೈಟೊಕೈನ್‌ನಿಂದ ತುಸು ಬದಲಾದವು. ಎರಡೂ ಕೂಡಿದಲ್ಲಿ ಮಾತ್ರ ನೂರಾರು ಎದ್ದವು. ಹಿಂದಿನ ಪ್ರಯೋಗದಲ್ಲಿ ಪೂರ್ತಿ ತೊಳೆಯದ ಚೀಲಗಳ ಜತೆ ಸೈಟೊಕೈನ್ ಉಳಿದುಕೊಂಡಿದ್ದರಿಂದಲೇ ಅಂಥ ಉತ್ತರ ಬಂದಿತ್ತು.

"ನನ್ನ ಹೆಸರ ತಗೀರಿ ಮೇಡಂ," ಎಂದಳು ಮಹಾನಂದಾ.

"ಮಾಡಿದ ಕೆಲಸಾ ನಿಮ್ಮದದ. ಇರ್ಲಿ," ಎಂದರು ಭಾವನಾ.

ಆದರೆ ಅಂದಿನಿಂದ ಅವರು ಪ್ರತಿ ಸಂಜೆ ದಾಖಲೆ ಪುಸ್ತಕವನ್ನು ತಾವೇ ಓದಿ ಸಹಿ ಹಾಕುತ್ತಾರೆ. ಅವರು ಕೇಳುವ ಮೊದಲೇ ಮಹಾನಂದಾ ಅದನ್ನು ತೆರೆದು ಮುಂದಿಡುತ್ತಾಳೆ. ಐದೂಕಾಲು ದಾಟಿದರೂ ಸಹಿಯಾಗುವ ತನಕ ಕಿಟಕಿಯ ಕಡೆ ನೋಡುತ್ತ ನಿಲ್ಲುತ್ತಾಳೆ.