ಕಂಡಕ್ಟರ್ ಪ್ರಭುರಾಜ ಮತ್ತು ಪಡಸಾಲೆಯ ಒದ್ದೆ

ಕುಷ್ಟಗಿಯ ಪ್ರಭುರಾಜ ಮೂವತ್ತೆರಡು ವರ್ಷ ಬಸ್ಸಿನ ಕಂಡಕ್ಟರಾಗಿದ್ದು, ಒಂದು ದಿನವೂ ಯಾರ ಉಚ್ಚೆಗಾಗಿಯೂ ಬಸ್ಸು ನಿಲ್ಲಿಸಿದವನಲ್ಲ. ಇದನ್ನವನು ದೊಡ್ಡ ಸಾಧನೆಯೆಂಬಂತೆ ಹೇಳಿಕೊಳ್ಳುತ್ತಿದ್ದ. ತಾವರಗೇರಾ ದಾಟಿದ ಮೇಲೆ ಯಾವನಾದರೂ ಮುದುಕ ಎದ್ದು ನಿಂತು ಕಿರುಬೆರಳು ತೋರಿಸಿದರೆ, “ಗಂಗಾವತಿ ಎಲ್ಲಿಗೂ ಓಡಿ ಹೋಗಂಗಿಲ್ಲ ಯಜಮಾನ್ರ. ಅಲ್ಲೀತನಕ ಗಟ್ಟಿ ಹಿಡಕೊಂಡು ಕುಂದರ್ರಿ” ಅನ್ನುತ್ತಿದ್ದ. ಆ ಮುದುಕನನ್ನು ಬಿಟ್ಟು ಬಸ್ಸೆಲ್ಲ ನಗುತ್ತಿತ್ತು.

ಹಾಗಂತ ತನಗೊಂದು ನ್ಯಾಯ, ಪರರಿಗೊಂದು ನ್ಯಾಯ ಮಾಡಿದವನಲ್ಲ. ಬೆಳಗಿನ ಟ್ರಿಪ್ಪಿನಿಂದ ಸಂಜೆಯವರೆಗೆ ತಾನೂ ಹಿಡಿದುಕೊಂಡೇ ಟಿಕೆಟ್ ಹರಿದ. ಮೂವತ್ತೆರಡು ವರ್ಷ ಬಾಯಿ ಮುಚ್ಚಿಕೊಂಡು ದುಡಿದ ಆ ಉಚ್ಚೆಯ ಚೀಲ, ಅವನು ನಿವೃತ್ತನಾಗಿ ಎರಡು ವರ್ಷಕ್ಕೆ ತಿರುಗಿಬಿತ್ತು. ಈಗ ದಿನಕ್ಕೆ ಹದಿನೈದು ಸಲ ಕರೆಯುತ್ತಿತ್ತು. ಕರೆದಾಗ ಹೋಗಿ ನಿಂತರೆ ಬರುತ್ತಿರಲಿಲ್ಲ, ಬೇಡವೆಂದು ಕೂತರೆ ತಾನಾಗಿಯೇ ಬರುತ್ತಿತ್ತು.

ದವಾಖಾನೆಗೆ ಹೋಗಬಹುದಿತ್ತು. ಆದರೆ ಅಲ್ಲಿ ಸಾಲಿನಲ್ಲಿ ನಿಲ್ಲುವವರಲ್ಲಿ ಅರ್ಧ ಜನ ಅವನ ಹಳೆಯ ಪ್ಯಾಸೆಂಜರುಗಳು. ಒಬ್ಬನಾದರೂ “ಗಟ್ಟಿ ಹಿಡಕೊಂಡು ಕುಂದರ್ರಿ ಕಂಡಕ್ಟರ್ರ” ಅಂದೇ ಅನ್ನುತ್ತಾನೆ. ಅದನ್ನು ಕೇಳುವ ಬದಲು ಸತ್ತರೂ ಚಿಂತೆಯಿಲ್ಲ ಎಂದುಕೊಂಡು ಹೆಂಡತಿ ಶಿವಲೀಲಾಗೂ ಹೇಳದೆ ಸುಮ್ಮನಿದ್ದ. ಗಂಡಸರ ಮರ್ಯಾದೆ ಎಲ್ಲೆಲ್ಲಿ ಅಡಗಿ ಕೂತಿರುತ್ತದೋ ದೇವರಿಗೇ ಗೊತ್ತು.

ಇಂಥ ಹೊತ್ತಿನಲ್ಲಿ ಬಾಜೂ ಮನೆಯ ಖೈರುನಬಿಯ ಹಿತ್ತಲಲ್ಲಿ ನಾಯಿಯೊಂದು ಐದು ಮರಿ ಹಾಕಿತು. ಅದರಲ್ಲಿ ಸಣ್ಣದನ್ನು ಪ್ರಭುರಾಜ ಎತ್ತಿಕೊಂಡು ಬಂದ. ನೋಟು ಮುರಿಸಿದ ಮೇಲೆ ಕೊನೆಗೆ ಕೈಗೆ ಬರುವಂಥದ್ದು ಎಂದು ಅದಕ್ಕೆ ಚಿಲ್ಲರೆ ಎಂದು ಹೆಸರಿಟ್ಟ.

ಶಿವಲೀಲಾ ಬಾಗಿಲಲ್ಲೇ ತಡೆದಳು. ಇಪ್ಪತ್ತಾರು ವರ್ಷ ಕರಿಕಲ್ಲಿನ ನೆಲ ಒರೆಸಿ ಒರೆಸಿ, ಈ ವರ್ಷವಷ್ಟೇ ಪಡಸಾಲೆಗೆ ಟೈಲ್ಸ್ ಹಾಕಿಸಿಕೊಂಡಿದ್ದಳು. “ನೋಡ್ರಿ, ಈ ನೆಲಾ ಒದ್ದಿ ಆತಂದ್ರ ನಾಯಿ ಹೊರಗ. ಮತ್ತ ಮಾತಿಲ್ಲ” ಅಂದಳು.

“ಮೂವತ್ತೆರಡು ವರ್ಷ ಮಂದೀನ ಇಳಿಸಿ ಹತ್ತಿಸೀನಿ. ಇದೊಂದು ಮರಿಗೆ ಕಲಿಸಾಕ ಆಗಂಗಿಲ್ಲೇನು?” ಅಂದ ಪ್ರಭುರಾಜ.

ಮರುದಿನವೇ ಹಳೆಯ ಸೀಟಿ ಹೊರಗೆ ಬಂತು. ಮರಿಯನ್ನು ಹಿತ್ತಲ ಬೇವಿನ ಗಿಡದ ಬುಡಕ್ಕೆ ಒಯ್ದು ಒಂದು ಸೀಟಿ ಊದುವನು. ಒಂದು ಸೀಟಿಯೆಂದರೆ ಗಾಡಿ ನಿಂತಿತು, ಇಳಿದು ಕೆಲಸ ಮುಗಿಸು ಎಂದರ್ಥ. ಮುಗಿಸಿದರೆ ಅರ್ಧ ಬಿಸ್ಕೀಟು. ಆಮೇಲೆ ಎರಡು ಸೀಟಿ, ರೈಟ್, ಮನೆಗೆ. ಎಂಟೇ ದಿನಕ್ಕೆ ಚಿಲ್ಲರೆ ಕಲಿತಿತು. ಪ್ರಭುರಾಜ ಓಣಿಯವರನ್ನೆಲ್ಲ ಕರೆದು ತೋರಿಸಿದ.

ಒಂಬತ್ತನೆಯ ದಿನ ಶಿವಲೀಲಾ ತೊಗರಿಬೇಳೆ ಕುಕ್ಕರಿಗೆ ಹಾಕಿದಳು. ಕುಕ್ಕರು ಒಂದು ಸೀಟಿ ಹೊಡೆಯಿತು. ಪಡಸಾಲೆಯಲ್ಲಿ ಆಡುತ್ತಿದ್ದ ಚಿಲ್ಲರೆ ತಟ್ಟನೆ ನಿಂತು, ದೇವರ ಜಗಲಿಯ ಮುಂದೆಯೇ ಕೂತು, ಗುರು ಹೇಳಿಕೊಟ್ಟ ವಿದ್ಯೆಯನ್ನು ಒಪ್ಪಿಸಿತು. ಒಪ್ಪಿಸಿ ಬಿಸ್ಕೀಟಿಗಾಗಿ ಮುಖ ನೋಡಿತು.

ಶಿವಲೀಲಾ ಬೈದದ್ದನ್ನು ಇಲ್ಲಿ ಬರೆಯಲಾಗದು. ಕೊನೆಗೆ, “ಇದು ನಾಯಿ ತಪ್ಪಲ್ಲ, ಕಲಿಸಿದವರದ್ದು. ಇದೊಮ್ಮೆ ಬಿಟ್ಟೀನಿ” ಅಂದಳು. ಅವಳು ಬಾಯಿ ಜೋರಿನವಳು, ಆದರೆ ತಪ್ಪು ಯಾರದೋ ಅವರಿಗೇ ಬೈಯುವವಳು. ಇದನ್ನು ಪ್ರಭುರಾಜ ಆಗಲೇ ನೆನಪಿಟ್ಟುಕೊಳ್ಳಬೇಕಿತ್ತು.

ಸೀಟಿ ಮತ್ತೆ ಟ್ರಂಕು ಸೇರಿತು. ಈಗ ಹೊಸ ಪಾಠ. ಕಂಡಕ್ಟರು ಬಸ್ಸಿನ ತಗಡು ಬಡಿದು ನಿಲ್ಲಿಸುವುದಿಲ್ಲವೇ, ಹಾಗೆ ಹಿತ್ತಲ ಬಾಗಿಲಿನ ತಗಡನ್ನು ಅಂಗೈಯಿಂದ ಬಡಿದು ಮರಿಯನ್ನು ಹೊರಗೆ ಬಿಡತೊಡಗಿದ. ಚಿಲ್ಲರೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಒತ್ತಡ ಬಂದರೆ ತಾನೇ ಓಡಿ ಹೋಗಿ ತಗಡನ್ನು ಉಗುರಿನಿಂದ ಗೀರತೊಡಗಿತು. ಬಾಗಿಲು ತೆರೆದರೆ ಬೇವಿನ ಬುಡ, ಮುಗಿದ ಮೇಲೆ ವಾಪಸು.

ಪ್ರಭುರಾಜನಿಗೆ ಇದರಿಂದ ಇನ್ನೊಂದು ಅನುಕೂಲವಾಯಿತು. ತನಗೆ ಬಂದಾಗಲೆಲ್ಲ “ಚಿಲ್ರಿಗೆ ಬಂದೈತಿ” ಎಂದು ಮರಿಯನ್ನು ಎತ್ತಿಕೊಂಡು ಹಿತ್ತಲಿಗೆ ಓಡುವನು. ಇಬ್ಬರೂ ಒಂದೇ ಬೇವಿಗೆ ನೀರುಣಿಸುವರು. “ಎಷ್ಟು ನೀರು ಕುಡಿತೈತ್ರಿ ನಿಮ್ಮ ನಾಯಿ” ಎಂದು ಗೋಡೆಯಾಚೆಯಿಂದ ಖೈರುನಬಿ ಕೇಳಿದರೆ, “ಬ್ಯಾಸಗಿ ಐತಲ್ಲವಾ” ಅನ್ನುವನು. ತನಗೊಬ್ಬ ಜೊತೆಗಾರ ಸಿಕ್ಕನೆಂದು ಅವನಿಗೆ ಮನಸಾರೆ ಖುಷಿಯಿತ್ತು. ಮರಿಯ ಮೇಲೆ ಅವನ ಜೀವವೇ ಇತ್ತು ಅನ್ನಿ.

ಹೀಗಿರುವಾಗ ಒಂದು ಮಧ್ಯಾಹ್ನ ಪಡಸಾಲೆಯ ದಿವಾನದ ಬಾಜೂ ಒದ್ದೆ ಕಂಡಿತು. ಪ್ರಭುರಾಜ ಅಲ್ಲೇ ಮಲಗಿದ್ದ. ಕನಸಿನಲ್ಲಿ ಕರೆ ಬಂದಿತ್ತು, ಎದ್ದು ನೆಲಕ್ಕೆ ಕಾಲಿಡುವಷ್ಟರಲ್ಲಿ ತಡವಾಗಿತ್ತು. ಲುಂಗಿ ಬದಲಿಸಿ ಬರುವಷ್ಟರಲ್ಲಿ ಶಿವಲೀಲಾ ನೋಡಿಬಿಟ್ಟಿದ್ದಳು. ಕಸಬರಿಗೆ ತಗೊಂಡು ಚಿಲ್ಲರೆಗೆ ಎರಡು ಬಿಟ್ಟಳು. ಮರಿ ಕುಂಯ್ಗುಟ್ಟುತ್ತ ಬಂದು ಪ್ರಭುರಾಜನ ಕಾಲ ಸಂದಿಯಲ್ಲಿ ಅಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಎತ್ತು ಬಾಯಿ ಬಿಡಲಿಲ್ಲ.

ವಾರದೊಳಗೆ ಮತ್ತೊಮ್ಮೆ ಹಾಗೇ ಆಯಿತು. ಮತ್ತೆ ಕಸಬರಿಗೆ. ಅವತ್ತು ಪ್ರಭುರಾಜ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆದ್ದ. ಹೇಳಿಬಿಡಬೇಕೆಂದು ಎರಡು ಸಲ ಅಡುಗೆಮನೆಯವರೆಗೆ ಹೋದ, ಎರಡು ಸಲವೂ ನೀರು ಕೇಳಿ ಕುಡಿದು ಬಂದ. ಅವನ ಚೀಲದ ಸ್ಥಿತಿಗೆ ಅದೂ ಮಾಡಬಾರದ ಕೆಲಸವೇ.

ಮೂರನೆಯ ಸಲ ಅಮಾವಾಸ್ಯೆಯ ಬೆಳಿಗ್ಗೆ, ನೆಲ ಒರೆಸಿ ಅರ್ಧ ತಾಸೂ ಆಗಿರಲಿಲ್ಲ. ಶಿವಲೀಲಾ ಈ ಬಾರಿ ಬೈಯಲಿಲ್ಲ, ಫೋನು ತಗೊಂಡಳು. ಶ್ರೀರಾಮನಗರದ ಕಡೆಯಿಂದ ಬಂದ ತೆಲುಗು ಮಾತಿನ ಗೋವಿಂದರಾಜ ಕುಷ್ಟಗಿಯ ಹೊರಗೆ ದಾಳಿಂಬೆ ತೋಟ ಮಾಡಿದ್ದ, ಕಾವಲಿಗೆ ನಾಯಿ ಬೇಕೆನ್ನುತ್ತಿದ್ದ. “ಈಗ ಬಂದು ಒಯ್ರಿ” ಅಂದಳು. ತೋಟದಲ್ಲಿ ಆಗಲೇ ನಾಲ್ಕು ದೊಡ್ಡ ನಾಯಿಗಳಿದ್ದವು. ಈ ಗೇಣುದ್ದದ ಮರಿ ಅವುಗಳ ನಡುವೆ ಒಂದು ವಾರ ಉಳಿಯುವುದಿಲ್ಲವೆಂದು ಪ್ರಭುರಾಜನಿಗೆ ಗೊತ್ತಿತ್ತು. ಆದರೂ ದಿವಾನದ ಮೇಲೆ ಕಲ್ಲಿನಂತೆ ಕೂತ.

ಹತ್ತು ಗಂಟೆಗೆ ಗೋವಿಂದರಾಜನ ಟೆಂಪೊ ಬಂತು. ಚಿಲ್ಲರೆಯನ್ನು ಖಾಲಿ ಕ್ರೇಟಿನಲ್ಲಿ ಕೂರಿಸಿ ಹಿಂದೆ ಇಟ್ಟರು. ಖೈರುನಬಿ ತನ್ನ ಬಾಗಿಲಿಗೆ ಬಂದು ನಿಂತಳು, ಪ್ರಭುರಾಜನೂ ಎದ್ದು ಹೊಸ್ತಿಲಿಗೆ ಬಂದ. ಅಷ್ಟರಲ್ಲಿ ಮರಿ ಕ್ರೇಟಿನಿಂದ ಜಿಗಿದು ಟೆಂಪೊದ ತಗಡನ್ನು ಗೀರತೊಡಗಿತು.

“ಏನ್ರೀ ಇದು, ಪೇಂಟ್ ಕೆರಿತೈತಿ?” ಅಂದ ಗೋವಿಂದರಾಜ.

“ಒಂದಕ್ಕ ಬಂದೈತ್ರಿ ಅದಕ್ಕ. ದಿನಾ ನೋಡ್ತೀನಿ, ಬಾಗಲಾ ಹಿಂಗ ಕೆರಿತೈತಿ. ಇಳಸ್ರಿ” ಅಂದಳು ಖೈರುನಬಿ.

ಇಳಿಸಿದರು. ಚಿಲ್ಲರೆ ಬಾಗಿಲಿಂದ ಒಳಗೆ ಓಡಿ, ಪಡಸಾಲೆಯ ಟೈಲ್ಸ್ ಮೇಲೆ ಜಾರುತ್ತ ದಾಟಿ, ಹಿತ್ತಲ ಬೇವಿನ ಬುಡಕ್ಕೆ ಹೋಗಿ ಕೂತಿತು. ಕೆಲಸ ಮುಗಿಸಿ, ಅದೇ ದಾರಿಯಲ್ಲಿ ಬಂದು, ಬಾಲ ಅಲ್ಲಾಡಿಸುತ್ತ ಟೆಂಪೊದ ಹಿಂದೆ ನಿಂತಿತು. ಹತ್ತಿಸಿರಿ ಎಂಬಂತೆ ನೋಡಿತು. ತನ್ನನ್ನು ಎಲ್ಲಿಗೋ ತಿರುಗಾಡಲು ಕರೆದೊಯ್ಯುತ್ತಾರೆಂದು ತಿಳಿದಿತ್ತು ಪಾಪ.

ಶಿವಲೀಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಇಷ್ಟು ತಿಳದ ನಾಯಿ, ದಿವಾನದ ಬಾಜೂ ಯಾಕ ಮಾಡ್ತೈತಿ?” ಅಂದಳು. ಕೇಳಿದ್ದು ಯಾರನ್ನೂ ಅಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಪ್ರಭುರಾಜನ ಕೈ ಲುಂಗಿಯ ಮೇಲೆ ಹೋಯಿತು.

“ಅದು ಮಾಡಿಲ್ಲ” ಅಂದ. “ನಾ ಮಾಡೀನಿ. ಮೂರೂ ಸಲ ನಾನ.”

ಖೈರುನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೋವಿಂದರಾಜ ಟೆಂಪೊದ ಟೈರು ನೋಡತೊಡಗಿದ. “ಅದೇಂ ಲೇದು ಕಂಡಕ್ಟರ್ ಗಾರು, ಅದೇನೂ ದೊಡ್ಡದಲ್ಲ, ನಮ್ಮ ಮಾಮಗೂ ಹಿಂಗ ಆಗಿತ್ತು, ಗುಳಿಗಿ ತಗೊಂಡು ಕಡಿಮಿ ಆತು” ಅಂದ. ಯಾರೂ ನಗಲಿಲ್ಲ. ಇಷ್ಟು ದಿನ ಹೆದರಿದ್ದು ಬರೀ ಇಷ್ಟಕ್ಕೇನಾ ಎಂದು ಪ್ರಭುರಾಜನಿಗೆ ಒಂದು ಗಳಿಗೆ ಹಗುರಾಯಿತು.

ಹಗುರಾಗಲು ಶಿವಲೀಲಾ ಬಿಡಲಿಲ್ಲ. “ಎಷ್ಟು ದಿನದಿಂದ?” ಅಂದಳು.

“ಯುಗಾದಿಗಿಂತ ಮೊದಲಿಂದ.”

“ನನಗ ಹೇಳಬಾರದಿತ್ತೇನು? ಹೋಗ್ಲಿ, ನಾಚಿಕಿ ಬಂದಿರಬೇಕು. ಆದ್ರ ನಾ ಆ ಕೂಸಿಗೆ ಕಸಬರಿಗೀಲೆ ಹೊಡದೀನಿ. ನೀವು ಇಲ್ಲೇ ಕುಂತು ನೋಡೀರಿ.”

ಅವಳ ದನಿ ಏರಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಚಿಲ್ಲರೆಯನ್ನು ಎತ್ತಿ ಖೈರುನಬಿಯ ಕೈಗೆ ಕೊಟ್ಟು, “ಹಾಲು ಐತಿ, ಕೆನಿ ಸಮೇತ ಹಾಕ್ರಿ” ಅಂದಳು. ಗೋವಿಂದರಾಜನ ಕಡೆ ತಿರುಗಿ, “ನಾಯಿ ಬ್ಯಾಡ್ರಿ. ಇವರನ್ನ ದವಾಖಾನಿಗೆ ಒಯ್ಯೋಣು, ಗಾಡಿ ತಿರುಗಿಸ್ರಿ” ಅಂದಳು. ನಾಯಿಗೆಂದು ಬಂದ ಗಾಡಿಯಲ್ಲಿ ಗಂಡ ಹೋದ.

ಶಿವಲೀಲಾ ಅವನ ಬಾಜೂ ಕೂತು ಬಂದಳು. ದವಾಖಾನೆಯಲ್ಲಿ ಎಣಿಸಿದಂತೆಯೇ ಸಾಲಿತ್ತು, ಗುರುತಿನ ಮುಖಗಳಿದ್ದವು. “ಏನು ತೊಂದ್ರಿ?” ಎಂದು ಡಾಕ್ಟರು ಕೇಳಿದರೆ ಅವಳೇ ಬಾಯಿ ಹಾಕಿದಳು. “ಸುಳ್ಳು ಹೇಳ್ತಾರ್ರಿ ಇವರು. ಮೊದಲು ಅದಕ್ಕೇನರ ಗುಳಗಿ ಇದ್ರ ಕೊಡ್ರಿ.”

ಪ್ರಭುರಾಜ ಅವತ್ತು ಏನನ್ನೂ ಮುಚ್ಚಲಿಲ್ಲ. ಹದಿನೈದು ಸಲದ್ದು, ದಿವಾನದ್ದು, ಎಲ್ಲವನ್ನೂ ಸಾಲಿನಲ್ಲಿದ್ದವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ಕೊನೆಗೆ, “ನನ್ನ ತಪ್ಪಿಗೆ ನಾಯಿಗೆ ಹೊಡತ ತಿನ್ನಿಸೀನ್ರಿ” ಎಂದೂ ಹೇಳಿದ.

ಡಾಕ್ಟರು ಚೀಟಿಯಲ್ಲಿ ಮೂರು ಬಗೆಯ ಗುಳಿಗೆ ಬರೆದುಕೊಟ್ಟರು. ಅವನು ಕೊನೆಗೆ ಹೇಳಿದ ಆ ತಪ್ಪಿಗೆ ಮಾತ್ರ ಯಾವ ಗುಳಿಗೆಯನ್ನೂ ಬರೆಯಲಿಲ್ಲ.