ಸರ್ ಹೇಳದ ಮಾತು

ವಿದ್ಯಾ, ಆ ದಿನ ‘ಬಸ್’ ಎಂದು ಕೂಗಿದವನು ನಾನು. ನಮ್ಮ ಕೋಚ್ ಕದಂ ಸರ್ ಅಲ್ಲ.

ತೊಂಬತ್ತರ ದಶಕ, ಪುಣೆಯ ಸ್ವಾರಗೇಟದ ಹತ್ತಿರದ ಆ ತಗಡಿನ ವ್ಯಾಯಾಮಶಾಲೆ. ನೀನು ಹೈಜಂಪ್, ನಾನು ಲಾಂಗ್‌ಜಂಪ್. ನಿನ್ನ ಜಿಗಿತದಲ್ಲಿ ಚುರುಕಿದೆ, ತೊಡೆಗಳಲ್ಲಿ ಬಲ ಸಾಲದು ಎಂದು ಸರ್ ಹೆಗಲ ಮೇಲೆ ಭಾರವಿಟ್ಟು ಬೈಠಕ್, ಅಂದರೆ ಬಸ್ಕಿ, ಮಾಡಿಸುತ್ತಿದ್ದರು. ಅವರು ಮರಾಠಿಯಲ್ಲಿ ‘ಊಠ್’ ಎಂದರೆ ಏಳಬೇಕು, ‘ಬಸ್’ ಎಂದರೆ ಕೂರಬೇಕು. ಮೊಣಕಾಲು ಅಲುಗಾಡಿತೋ, ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಬೇಕು — ಅದು ಅವರ ಕಟ್ಟುನಿಟ್ಟು.

ನಿನ್ನ ಬೆನ್ನ ಹಿಂದೆ ಆಸರೆಗೆ ನಾನಿದ್ದೆ.

“ಲೇ ವಸಂತ್ಯಾ, ನಿದ್ದಿ ಹೊಡೀಬ್ಯಾಡ. ನಾ ಬಿದ್ರ ನಿನ್ನ ಮ್ಯಾಲೇ ಬೀಳ್ತೀನಿ!” ಎಂದು ನಕ್ಕಿದ್ದೆ ನೀನು.

ಸರ್ ಯಾರೊಂದಿಗೋ ಮಾತಾಡುತ್ತ ಅತ್ತ ತಿರುಗಿದ್ದರು. ನೀನು ಎದ್ದು ನಿಂತಾಗ ಬಲ ಮೊಣಕಾಲು ಒಳಕ್ಕೆ ವಾಲಿದ್ದು ಕಂಡಿತು. ಸಾಕು, ನಿಲ್ಲಿಸು ಎನ್ನಲು ನಮ್ಮ ಕನ್ನಡದ ಮನೆಗಳಲ್ಲಿ ಹೇಳುವ ಮಾತೇ ಬಾಯಿಗೆ ಬಂತು — “ಬಸ್!”

ನೀನು ಕೂತೆ. ಮೊಣಕಾಲು ಮುರಿದ ಆ ಸದ್ದು ಈಗಲೂ — ಬೇಡ.

ಆಸ್ಪತ್ರೆಯ ವರಾಂಡದಲ್ಲಿ ನಿನ್ನ ಅಪ್ಪ ನನ್ನ ತೋಳು ಹಿಡಿದರು. “ಆ ಕದಂನ ತಮ್ಮನ ಮಗಳೂ ಜಿಗೀತಾಳಲ್ಲ? ಮುದ್ದಾಮ್, ಬೇಕಂತಲೇ ಮಾಡ್ಯಾನ ಅಂವ. ಮತ್ತ ಕುಂದ್ರು ಅಂದಾಂವ ಅವನೇ ಹೌದಲ್ಲೋ?”

“ಹೌದ್ರಿ ಕಾಕಾ.”

ಸರ್ ಕೆಲಸ ಹೋಯಿತು. ಓಣಿಯಲ್ಲಿ ಎಲ್ಲರಿಗೂ ಅವರ ಮೇಲೆ ಗುಮಾನಿ. ನಾನೂ ಅದಕ್ಕೆ ಗಾಳಿ ಹಾಕಿದೆ. ಭಾರ ಏರಿಸಿದ್ದು ಯಾಕೆ, ಸರಿಯಾಗಿ ಆಗಲೇ ಅತ್ತ ತಿರುಗಿದ್ದು ಯಾಕೆ — ಕೇಳಿ ಕೇಳಿ ನಾನೇ ನಂಬುವಷ್ಟರಲ್ಲಿದ್ದೆ.

ಈಗ ನನ್ನ ಗುಮಾನಿ ನನ್ನ ಮೇಲೆಯೇ. ಪುಣೆಯಲ್ಲೇ ಹುಟ್ಟಿ ಬೆಳೆದವನಿಗೆ ಆ ಕೋಣೆಯಲ್ಲಿ ಆ ಪದದ ಅರ್ಥ ಏನೆಂದು ಗೊತ್ತಿರಲಿಲ್ಲವೇ? ಆ ವಾರವಷ್ಟೇ ನೀನು ರಾಜ್ಯ ತಂಡಕ್ಕೆ ಆಯ್ಕೆಯಾಗಿದ್ದೆ, ನಾನು ಆಗಿರಲಿಲ್ಲ. ಗಾಬರಿಯಲ್ಲಿ ಬಂದ ಮಾತೋ, ಇಲ್ಲವೆ — ಎಷ್ಟು ಕೆದಕಿದರೂ ತಿಳಿಯುತ್ತಿಲ್ಲ.

ಮೊನ್ನೆ ಹಡಪಸರದ ತರಕಾರಿ ಮಾರ್ಕೆಟ್ಟಿನಲ್ಲಿ ಸರ್ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಚೀಲ ಕೆಳಗಿಟ್ಟು ಕೇಳಿದ್ದು ಒಂದೇ: ವಿದ್ಯಾ ಈಗ ಮೆಟ್ಟಿಲು ಹತ್ತುತ್ತಾಳಾ? ನಾನು ಅವರ ಚೀಲ ಎತ್ತಿ ಕೈಗೆ ಕೊಟ್ಟು ಹೊರಟುಬಿಟ್ಟೆ.

ನಾಳೆ ಅವರ ಮನೆಗೆ ಹೋಗುತ್ತೇನೆ. ಅಲ್ಲಿಂದ ನಿಮ್ಮ ಮನೆಗೆ, ಕಾಕಾ ಎದುರಿಗೆ. ನೀವು ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ — ಸರ್ ಮೇಲೆ ನಾನು ಹೊರಿಸಿದ್ದನ್ನು ಕೇಳಿದ ಓಣಿ ಇದನ್ನೂ ಕೇಳಲಿ.